ಫರ್ನೇಸ್ ಕೇಬಲ್ ನಾಲ್ಕೇ ತಿಂಗಳಿಗೆ ಹೋಗುತ್ತಿದೆ, ದಪ್ಪ ಹಾಕಿಸಲೇ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ. 500 ಕೆಜಿಯ ಇಂಡಕ್ಷನ್ ಫರ್ನೇಸ್ (ಸುತ್ತಿದ ತಾಮ್ರದ ಕಾಯಿಲಿನಲ್ಲಿ ಕರೆಂಟ್ ಹರಿಸಿ ಲೋಹ ಕರಗಿಸುವ ಒಲೆ) ಇದೆ. 350 ಕಿಲೋವ್ಯಾಟ್, 1,000 ಹರ್ಟ್ಜ್. ಕೆಪಾಸಿಟರ್ ಬ್ಯಾಂಕಿನಿಂದ ಕಾಯಿಲಿಗೆ ಹೋಗುವ ನೀರಿನ ಕೇಬಲ್ (ಹೋಸಿನೊಳಗೆ ತಾಮ್ರದ ಎಳೆ, ಅದನ್ನು ತಣಿಸಲು ನೀರು) ನಾಲ್ಕು ತಿಂಗಳಿಗೊಮ್ಮೆ ಕೈಕೊಡುತ್ತಿದೆ. ಈಗಿರುವುದು 300 ಸ್ಕ್ವೇರ್ ಎಂಎಂ, ಎರಡೂವರೆ ಮೀಟರ್ ಉದ್ದ. ಸಪ್ಲೈಯರ್ 500 ಹಾಕಿಸಿ ಅನ್ನುತ್ತಾರೆ. ಹಾಕಿಸಲೇ? ನಾವೇ ಡಿಸೈನ್ ಹೇಳಿ ಮಾಡಿಸಬೇಕೆಂದರೆ ಏನೇನು ಬರೆದು ಕೊಡಬೇಕು?

ಉತ್ತರ: 500ಕ್ಕೆ ಆರ್ಡರ್ ಕೊಡುವ ಮೊದಲು ಒಂದು ಕೆಲಸ ಮಾಡಿ. ಹೋದ ಸಲ ಬಿಚ್ಚಿದ ಕೇಬಲ್ ಇನ್ನೂ ಗುಜರಿಗೆ ಹೋಗಿಲ್ಲವಾದರೆ ಎತ್ತಿಟ್ಟುಕೊಳ್ಳಿ. ರಬ್ಬರ್ ಹೋಸನ್ನು ಉದ್ದಕ್ಕೂ ಸೀಳಿ. ಒಳಗಿನ ತಾಮ್ರದ ಎಳೆಗಳ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿ ನೋಡಿ. ಎಲ್ಲಿ ತುಂಡಾಗಿದೆ, ಎಲ್ಲಿ ಯಾವ ಬಣ್ಣಕ್ಕೆ ತಿರುಗಿದೆ, ಇಷ್ಟು ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ. ಕೇಬಲ್ ಹೋದ ತಕ್ಷಣ ಎಲ್ಲರೂ ತಾಮ್ರ ಸಾಲಲಿಲ್ಲ ಅಂದುಕೊಳ್ಳುತ್ತಾರೆ. ನಾನು ಕೊಯ್ದು ನೋಡಿದವುಗಳಲ್ಲಿ ತಾಮ್ರ ಸಾಲದೆ ಹೋದದ್ದು ಅಪರೂಪ. ಬಾಗಿ ಬಾಗಿ ಹೋದವು, ನೀರು ಸರಿಯಾಗಿ ಹರಿಯದೆ ಹೋದವು, ಇವೇ ಜಾಸ್ತಿ.

ಹುಬ್ಬಳ್ಳಿ ಕಡೆಯ ಒಂದು ಫೌಂಡ್ರಿಯಲ್ಲಿ ನಿಮ್ಮದೇ ಕಥೆ. ಎರಡು ಸಲ ದಪ್ಪ ಮಾಡಿಸಿದ್ದರು, ಆಯಸ್ಸು ಐದು ತಿಂಗಳಿಂದ ಮೂರಕ್ಕೆ ಇಳಿದಿತ್ತು. ಕೊಯ್ದೆವು. ನಡುವಿನ ಎರಡು ಮೀಟರ್ ತಾಮ್ರ ಹೊಸದರ ಹಾಗೇ ಇತ್ತು. ಕಾಯಿಲ್ ಕಡೆಯ ಲಗ್ಗಿನ (ಕೇಬಲ್ ತುದಿಗೆ ಕೂರಿಸಿ ಬೋಲ್ಟ್ ಹಾಕುವ ಲೋಹದ ತುಂಡು) ಬಾಯಿಯ ಹತ್ತಿರ, ಎರಡು ಬೆರಳಷ್ಟು ಜಾಗದಲ್ಲಿ, ಎಳೆಗಳೆಲ್ಲ ಕತ್ತರಿ ಹಾಕಿದ ಹಾಗೆ ತುಂಡಾಗಿದ್ದವು. ಅಲ್ಲಾಡಿಸಿದರೆ ಕಪ್ಪು ಪುಡಿ ಉದುರುತ್ತಿತ್ತು. ಕರೆಂಟ್ ಜಾಸ್ತಿಯಾಗಿ ಹೋದ ಕೇಬಲ್ ಹೀಗೆ ಒಂದೇ ಕಡೆ ಸಾಯುವುದಿಲ್ಲ, ಉದ್ದಕ್ಕೂ ಕಪ್ಪಾಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಪ್ಯಾನೆಲ್ಲಿನ ಒಳಬರುವ ಲೈನಿನಲ್ಲಿ ಫುಲ್ ಪವರ್ ಇದ್ದಾಗ ಸುಮಾರು 500 ಆಂಪಿಯರ್ ಹರಿಯುತ್ತದೆ. ಅದನ್ನು ನೋಡಿ ಕೇಬಲ್ ಲೆಕ್ಕ ಹಾಕುವವರಿದ್ದಾರೆ, ತಪ್ಪು. ಕಾಯಿಲ್ ಮತ್ತು ಕೆಪಾಸಿಟರ್ ನಡುವೆ ಓಡಾಡುವ ಕರೆಂಟೇ ಬೇರೆ. ಇಂಡಕ್ಷನ್ ಕಾಯಿಲಿನ ಪವರ್ ಫ್ಯಾಕ್ಟರ್, ಅಂದರೆ ಓಡಾಡುವ ಒಟ್ಟು ಪವರಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, ತೀರಾ ಕಡಿಮೆ, 0.1ರಿಂದ 0.2ರ ಆಸುಪಾಸು. ಎಂಟರಲ್ಲಿ ಒಂದು ಪಾಲು ಎಂದು ಹಿಡಿದರೆ 350 ಕಿಲೋವ್ಯಾಟ್ ಕರಗಿಸಲು ಕಾಯಿಲಿನಲ್ಲಿ 2,800 ಕೆವಿಎ (ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದ್ದು, ಸಾವಿರಗಳಲ್ಲಿ) ತಿರುಗಬೇಕು. ಕಾಯಿಲ್ ವೋಲ್ಟೇಜ್ ಎಷ್ಟೆಂದು ನೀವು ಬರೆದಿಲ್ಲ. 1,200 ಎಂದಿಟ್ಟುಕೊಳ್ಳೋಣ. ಅಲ್ಲಿಗೆ ಕೇಬಲ್ಲಿನಲ್ಲಿ ಹರಿಯುವುದು ಸುಮಾರು 2,300 ಆಂಪಿಯರ್. 300 ಸ್ಕ್ವೇರ್ ಎಂಎಂಗೆ ಹಂಚಿದರೆ ಒಂದೊಂದು ಸ್ಕ್ವೇರ್ ಎಂಎಂಗೆ ಏಳೂವರೆ ಆಂಪಿಯರ್ ಚಿಲ್ಲರೆ. ಗಾಳಿಯಲ್ಲಿ ತಣಿಯುವ ಕೇಬಲ್ಲಿಗೆ ಇದು ಜಾಸ್ತಿಯೇ. ನೀರಿನ ಕೇಬಲ್ಲಿಗೆ ಅಲ್ಲ, ಐದರಿಂದ ಹತ್ತು ಮಾಮೂಲಿ.

ಇನ್ನು ಬಿಸಿ. ಎರಡೂವರೆ ಮೀಟರ್ ಉದ್ದದ ಒಂದು ಕೇಬಲ್ಲಿನಲ್ಲಿ, ತಾಮ್ರ 60 ಡಿಗ್ರಿಯಲ್ಲಿದೆ ಎಂದರೆ, 900 ವ್ಯಾಟಿನಷ್ಟು ಬಿಸಿ ಹುಟ್ಟುತ್ತದೆ. ಇದು ಡಿಸಿ, ಅಂದರೆ ದಿಕ್ಕು ಬದಲಿಸದ ಕರೆಂಟಿನ ಲೆಕ್ಕ. ನಿಮ್ಮದು 1,000 ಹರ್ಟ್ಜ್, ಕರೆಂಟ್ ತಾಮ್ರದ ಮೈಮೇಲಷ್ಟೇ ಹರಿಯಲು ನೋಡುತ್ತದೆ. ಹಾಗಾಗಿ ಎರಡು ಪಟ್ಟು, 1,800 ವ್ಯಾಟ್ ಎಂದೇ ಹಿಡಿಯಿರಿ. ನಿಮಿಷಕ್ಕೆ ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾದರೆ 70 ವ್ಯಾಟ್ ಹೊತ್ತುಕೊಂಡು ಹೋಗುತ್ತದೆ. ನಿಮಿಷಕ್ಕೆ ಐದು ಲೀಟರ್ ಬಿಟ್ಟರೆ ನೀರು ಏರುವುದು ಐದೇ ಡಿಗ್ರಿ. ಅಂದರೆ 300 ಸ್ಕ್ವೇರ್ ಎಂಎಂ ಸಾಕು, ನೀರು ಹರಿಯುತ್ತಿರುವ ತನಕ.

ಹರಿಯದಿದ್ದರೆ? ನಿಮ್ಮ ಕೇಬಲ್ಲಿನಲ್ಲಿರುವ ತಾಮ್ರ ಹೆಚ್ಚೆಂದರೆ ಏಳು ಕೆಜಿ. ಒಳಗೆ ನೀರೇ ಇಲ್ಲ ಎಂದಾದರೆ ಅದೇ 1,800 ವ್ಯಾಟ್ ಅದನ್ನು ನಿಮಿಷಕ್ಕೆ 40 ಡಿಗ್ರಿ ಏರಿಸುತ್ತದೆ. ಎರಡು ಮೂರು ನಿಮಿಷದಲ್ಲಿ ಹೋಸ್ ಮೆತ್ತಗಾಯಿತು. ಹುಡುಗ ಚಹಾ ತರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಇಲ್ಲಿ ಪ್ರೆಷರ್ ಗೇಜ್ ನಂಬಿ ಕೆಟ್ಟವರು ಬಹಳ. ಕೇಬಲ್ಲಿನ ಹೊರಹೋಗುವ ಬಾಯಿ ಕಟ್ಟಿಕೊಂಡರೂ ಗೇಜಿನ ಮುಳ್ಳು ಇದ್ದಲ್ಲೇ ನಿಂತಿರುತ್ತದೆ. ನೀರು ಹರಿಯುತ್ತಿದೆಯೇ ಅನ್ನುವುದಕ್ಕೆ ಫ್ಲೋ ಸ್ವಿಚ್ ಬೇಕು, ಪ್ರತಿ ಕೇಬಲ್ಲಿನ ರಿಟರ್ನ್ ಲೈನಿಗೂ ಒಂದೊಂದು. ಅದರ ಜೊತೆ ಟೆಂಪರೇಚರ್ ಸ್ವಿಚ್ ಇದ್ದರೆ ಇನ್ನೂ ಒಳ್ಳೆಯದು. ಇವೆರಡೂ ಪ್ಯಾನೆಲ್ ಟ್ರಿಪ್ ಮಾಡುವ ಹಾಗಿರಬೇಕು. ಬರೀ ಹಾರ್ನ್ ಊದಿದರೆ ಫೌಂಡ್ರಿಯ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಇನ್ನೊಂದು ವಿಷಯ ಗಮನಿಸಿ. ನಿಮ್ಮ ಎರಡು ಕೇಬಲ್‌ಗಳಲ್ಲಿ ಯಾವುದು ಮೊದಲು ಹೋಗುತ್ತಿದೆ? ಬಹಳ ಕಡೆ ಒಂದು ಕೇಬಲ್ಲಿನ ಮೂಲಕ ನೀರು ಕಾಯಿಲಿಗೆ ಹೋಗಿ, ಇನ್ನೊಂದರ ಮೂಲಕ ವಾಪಸ್ ಬರುವ ಹಾಗೆ ಜೋಡಿಸಿರುತ್ತಾರೆ. ಕಾಯಿಲ್ ಒಂದೇ ನಿಮ್ಮ ಪವರಿನ ಐದರಲ್ಲೊಂದು ಪಾಲನ್ನು, ಅಂದರೆ 70 ಕಿಲೋವ್ಯಾಟಿನಷ್ಟನ್ನು, ನೀರಿಗೆ ಸುರಿಯುತ್ತದೆ. ಅದರ ಮುಂದೆ ಕೇಬಲ್ಲಿನ ಎರಡು ಕಿಲೋವ್ಯಾಟ್ ಯಾವ ಲೆಕ್ಕ? ವಾಪಸ್ ಬರುವ ಕೇಬಲ್ಲಿಗೆ ಆಗಲೇ 50–60 ಡಿಗ್ರಿಗೆ ಬಿಸಿಯಾದ ನೀರು ಸಿಗುತ್ತದೆ. ಪ್ರತಿ ಹತ್ತು ಡಿಗ್ರಿಗೆ ರಬ್ಬರಿನ ಆಯಸ್ಸು ಅರ್ಧ ಅನ್ನುವುದು ಹಳೆಯ ಲೆಕ್ಕ. ಯಾವಾಗಲೂ ಅದೊಂದೇ ಹೋಗುತ್ತಿದ್ದರೆ ತೊಂದರೆ ನೀರಿನದು. ಕೇಬಲ್‌ಗಳಿಗೆ ಮ್ಯಾನಿಫೋಲ್ಡಿನಿಂದ (ನೀರು ಹಂಚುವ ಮುಖ್ಯ ಪೈಪು) ಬೇರೆ ಲೈನ್ ಕೊಡಿ, ತಾಮ್ರಕ್ಕೆ ದುಡ್ಡು ಸುರಿಯಬೇಡಿ. ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಹೋಗುತ್ತಿದ್ದರೆ ತೊಂದರೆ ಬಾಗುವುದರಲ್ಲಿದೆ. ನೀವು ಬರೆದದ್ದು ನೋಡಿದರೆ ನನಗೆ ಅದರ ಮೇಲೇ ಅನುಮಾನ.

ದಿನಕ್ಕೆ ಎಂಟು ಹೀಟ್, ಅಂದರೆ ಎಂಟು ಸಲ ಕರಗಿಸುವುದು, ಎಂದುಕೊಳ್ಳಿ. ಒಂದೊಂದು ಹೀಟಿಗೂ ಐದಾರು ಸಲ ಫರ್ನೇಸ್ ಬಗ್ಗಿಸಿ ಲೇಡಲ್ (ಕರಗಿದ ಲೋಹ ಒಯ್ಯುವ ಪಾತ್ರೆ) ತುಂಬುತ್ತೀರಿ, ಆಮೇಲೆ ಸ್ಲ್ಯಾಗ್ (ಲೋಹದ ಮೇಲೆ ತೇಲುವ ಕಸ) ತೆಗೆಯಲು ಇನ್ನೊಮ್ಮೆ. ದಿನಕ್ಕೆ 50 ಸಲ ಆಯಿತು. ವರ್ಷಕ್ಕೆ 300 ದಿನ ಹಿಡಿದರೆ 15,000 ಸಲ ಆ ಕೇಬಲ್ ಬಾಗಿ ನೆಟ್ಟಗಾಗುತ್ತದೆ. ಒಂದು ತಂತಿಯನ್ನು ಕೈಯಲ್ಲಿ ಹಿಡಿದು ಆಚೆ ಈಚೆ ಬಾಗಿಸಿದರೆ ಹತ್ತಿಪ್ಪತ್ತು ಸಲಕ್ಕೆ ತುಂಡಾಗುತ್ತದೆ ಅಲ್ವಾ? ಅದಕ್ಕೇ ಈ ಕೇಬಲ್ಲಿನಲ್ಲಿ ಕೂದಲಿನ ಹಾಗಿರುವ ಸಾವಿರಾರು ಎಳೆ. ತಂತಿ ಬಾಗಿದಾಗ ಅದರ ಮೈ ಎಷ್ಟು ಹಿಗ್ಗುತ್ತದೆ ಅನ್ನುವುದು ಸರಳ ಲೆಕ್ಕ: ಎಳೆಯ ದಪ್ಪವನ್ನು, ಬಾಗಿದ ವೃತ್ತದ ವ್ಯಾಸದಿಂದ ಭಾಗಿಸಿ. ಎಳೆ 0.25 ಮಿ.ಮೀ., ಬಾಗಿದ ವೃತ್ತ 400 ಮಿ.ಮೀ. ಆದರೆ ಸಾವಿರಕ್ಕೆ 0.6 ಪಾಲು. ತಾಮ್ರ ಅದನ್ನು ಸಹಿಸುತ್ತದೆ. ಅದೇ ಎಳೆ ಲಗ್ಗಿನ ಬಾಯಲ್ಲಿ 30 ಮಿ.ಮೀ. ವೃತ್ತಕ್ಕೆ ಮಡಚಿಕೊಂಡರೆ ಸಾವಿರಕ್ಕೆ ಎಂಟು ದಾಟುತ್ತದೆ. ಅಷ್ಟು ಹಿಗ್ಗಿದ ಎಳೆ ನಿಮ್ಮ ನಾಲ್ಕು ತಿಂಗಳು ಬಾಳಿದರೆ ಅದೇ ಹೆಚ್ಚು.

ದಪ್ಪ ಮಾಡಿದರೆ ಯಾಕೆ ಬೇಗ ಹೋಗುತ್ತದೆ ಅನ್ನುವುದೂ ಇಲ್ಲೇ ಇದೆ. ದಪ್ಪ ಕೇಬಲ್ ಬಿಗಿ. ನಡುವೆ ಹದವಾಗಿ ಬಾಗುವ ಬದಲು ಕೋಲಿನ ಹಾಗೆ ನಿಂತು, ಬಾಗುವ ಕೆಲಸವನ್ನೆಲ್ಲ ಎರಡು ತುದಿಗಳ ಮೇಲೆ ಹಾಕುತ್ತದೆ. ಹಳೆಯ ಅಳತೆಯ ಹೋಸಿನೊಳಗೇ 500 ತುರುಕಿದರಂತೂ ನೀರಿಗೆ ಜಾಗ ಉಳಿಯುವುದಿಲ್ಲ, ಎಳೆಗಳು ಒಂದಕ್ಕೊಂದು ಉಜ್ಜಿ ಸವೆಯುತ್ತವೆ. ಹುಬ್ಬಳ್ಳಿಯಲ್ಲಿ ಆದದ್ದು ಇಷ್ಟೇ.

ಲಗ್ಗಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಕೇಬಲ್ ಸಾಯುವ ಜಾಗ ಅದೇ ಆದ್ದರಿಂದ. ಸಣ್ಣ ವರ್ಕ್‌ಶಾಪುಗಳಲ್ಲಿ ತಾಮ್ರದ ಹಗ್ಗವನ್ನು ಲಗ್ಗಿನ ತೂತಿಗೆ ತೂರಿಸಿ, ಗ್ಯಾಸಿನಲ್ಲಿ ಕಾಯಿಸಿ, ಬೆಸುಗೆ ಹಾಕಿಬಿಡುತ್ತಾರೆ. ನೋಡಲು ಗಟ್ಟಿಯಾಗಿ ಕಾಣುತ್ತದೆ. ಆದರೆ ಕರಗಿದ ಬೆಸುಗೆ ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಎಳೆಗಳ ಸಂದಿಯಲ್ಲಿ ಏರುತ್ತದೆ. ಲಗ್ಗಿನಿಂದ ಆಚೆ ಒಂದೆರಡು ಇಂಚು ಹಗ್ಗ ಕಲ್ಲಾಗುತ್ತದೆ. ಆ ಕಲ್ಲು ಮುಗಿದು ಮೆತ್ತನೆಯ ಹಗ್ಗ ಶುರುವಾಗುವ ಗೆರೆಯಲ್ಲೇ ಎಳೆಗಳು ತುಂಡಾಗುವುದು. ಮೇಲಿಂದ ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ರಾಸಾಯನಿಕ) ಒಳಗೇ ಉಳಿದು ತಾಮ್ರ ತಿನ್ನುತ್ತದೆ, ಹಸಿರು ಕಿಲುಬು ಕಂಡರೆ ಅದರದ್ದೂ ಇರಬಹುದು. ಮಾಮೂಲಿ ಎಲೆಕ್ಟ್ರಿಕಲ್ ತಾಮ್ರದಲ್ಲಿ ಅಲ್ಪಸ್ವಲ್ಪ ಆಕ್ಸಿಜನ್ ಇರುತ್ತದೆ. ಅದನ್ನು ಗ್ಯಾಸ್ ಜಾಸ್ತಿ ಬಿಟ್ಟ ಜ್ವಾಲೆಯಲ್ಲಿ ಕಾಯಿಸಿದರೆ ಒಳಗೆ ಸೂಕ್ಷ್ಮ ಬಿರುಕು ಹುಟ್ಟಿ ಪೆಡಸಾಗುತ್ತದೆ. ಆದ್ದರಿಂದ ಬೆಸುಗೆ ಬೇಡ. ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿದ ಲಗ್ ಕೇಳಿ. ಲಗ್ಗಿನ ಬಾಯಿಯ ಅಂಚು ಚೂಪಾಗಿರಬಾರದು. ಬೆರಳಿನಿಂದ ಮುಟ್ಟಿದರೆ ಗಂಟೆಯ ಬಾಯಿಯ ಹಾಗೆ ಹೊರಕ್ಕೆ ತಿರುಗಿ ನುಣ್ಣಗಿರಬೇಕು.

ಜೋಡಿಸುವಾಗಿನ ತಪ್ಪು ಇನ್ನೊಂದು. ಕೇಬಲ್ ಬಾಗುವುದನ್ನು ಸಹಿಸುತ್ತದೆ, ತಿರುಚುವುದನ್ನು ಸಹಿಸುವುದಿಲ್ಲ. ಎರಡು ಲಗ್ಗಿನ ಚಪ್ಪಟೆ ಮುಖಗಳು ಒಂದಕ್ಕೊಂದು ಯಾವ ಕೋನದಲ್ಲಿರಬೇಕು ಅನ್ನುವುದು ನಿಮ್ಮ ಫರ್ನೇಸ್ ಬಾಗುವ ದಿಕ್ಕಿಗೆ ಹೊಂದಬೇಕು. ಅದು ಹತ್ತು ಡಿಗ್ರಿ ತಪ್ಪಿದ್ದರೆ ಫಿಟ್ಟರ್ ಏನು ಮಾಡುತ್ತಾನೆ? ಪಾನಾ ಹಾಕಿ ತಿರುಚಿ ಬೋಲ್ಟ್ ಕೂರಿಸುತ್ತಾನೆ. ಆ ತಿರುಚು ಕೇಬಲ್ಲಿನಲ್ಲಿ ಕೊನೆಯವರೆಗೂ ಉಳಿಯುತ್ತದೆ. ಬೋಲ್ಟ್ ಬಿಗಿ ಮಾಡುವಾಗ ಒಂದು ಪಾನಾದಲ್ಲಿ ಲಗ್ ಹಿಡಿದು, ಇನ್ನೊಂದರಲ್ಲಿ ತಿರುಗಿಸಬೇಕು. ಹೋಸಿನ ಮೇಲೆ ಉದ್ದಕ್ಕೂ ಒಂದು ಬಿಳಿ ಪೇಂಟಿನ ಗೆರೆ ಎಳೆಯಿರಿ. ಜೋಡಿಸಿದ ಮೇಲೆ ಆ ಗೆರೆ ಹಾವಿನ ಹಾಗೆ ಸುತ್ತಿಕೊಂಡಿದ್ದರೆ ಬಿಚ್ಚಿ ಮತ್ತೆ ಹಾಕಿ. ಖರ್ಚು ಹತ್ತು ರೂಪಾಯಿ ಇಲ್ಲ.

ಉದ್ದ ಎಷ್ಟಿರಬೇಕು ಅನ್ನುವುದಕ್ಕೆ ಹಳೆಯ ಕೇಬಲ್ಲಿನ ಅಳತೆಯನ್ನೇ ಕೊಡಬೇಡಿ. ಅದೇ ತಪ್ಪಿರಬಹುದು. ಕೇಬಲ್ಲಿನಷ್ಟೇ ದಪ್ಪದ ಒಂದು ಖಾಲಿ ರಬ್ಬರ್ ಹೋಸ್ ತಂದು ಎರಡು ತುದಿ ಕಟ್ಟಿ. ಫರ್ನೇಸನ್ನು ನೆಟ್ಟಗೆ, ಅರ್ಧ, ಪೂರ್ತಿ, ಹೀಗೆ ಮೂರು ಕಡೆ ನಿಲ್ಲಿಸಿ ನೋಡಿ. ಎಲ್ಲೂ ಎಳೆದು ಬಿಗಿಯಾಗಬಾರದು, ಎಲ್ಲೂ ನೆಲಕ್ಕೆ ಉಜ್ಜಬಾರದು, ಚೌಕಟ್ಟಿಗೆ ತಾಗಬಾರದು. ಲಗ್ಗಿನಿಂದ ಹೊರಟ ಮೊದಲ ಒಂದು ಗೇಣು ನೇರವಾಗಿಯೇ ಇರಬೇಕು, ಬಾಗು ಆಮೇಲೆ ಶುರುವಾಗಬೇಕು. ಬಾಗಿನ ರೇಡಿಯಸ್ ಹೋಸಿನ ಹೊರವ್ಯಾಸದ ಎಂಟು ಪಟ್ಟಿಗಿಂತ ಕಡಿಮೆ ಆಗಲು ನಾನು ಬಿಡುವುದಿಲ್ಲ. ಜಾಗ ಸಾಲದಿದ್ದರೆ ಒಂದು ದಪ್ಪ ಕೇಬಲ್ಲಿನ ಬದಲು ಎರಡು ತೆಳು ಕೇಬಲ್ ಸಮಾನಾಂತರ ಹಾಕಿ. 1,000 ಹರ್ಟ್ಜ್‌ನಲ್ಲಿ ಇದರಿಂದ ಇನ್ನೊಂದು ಲಾಭವೂ ಇದೆ.

ಅದೇನೆಂದರೆ, 50 ಹರ್ಟ್ಜ್‌ನಲ್ಲಿ ಕರೆಂಟ್ ತಾಮ್ರದೊಳಗೆ 9 ಮಿ.ಮೀ.ನಷ್ಟು ಇಳಿಯುತ್ತದೆ. 1,000 ಹರ್ಟ್ಜ್‌ನಲ್ಲಿ 2 ಮಿ.ಮೀ. ಚಿಲ್ಲರೆ ಅಷ್ಟೇ. ಎಳೆಗಳ ಮೇಲೆ ಇನ್ಸುಲೇಶನ್ ಇಲ್ಲದಿರುವುದರಿಂದ ಇಡೀ ಕಟ್ಟು ಹೆಚ್ಚುಕಡಿಮೆ ಒಂದೇ ಗಟ್ಟಿ ತಾಮ್ರದ ಹಾಗೆ ವರ್ತಿಸುತ್ತದೆ. ಅಂದರೆ 500 ಸ್ಕ್ವೇರ್ ಎಂಎಂನ ಒಂದೇ ಉಂಡೆಯಲ್ಲಿ ಒಳಗಿನ ತಾಮ್ರ ಸುಮ್ನೆ ಕೂತಿರುತ್ತದೆ. ಎರಡು ತೆಳು ಕೇಬಲ್ ಆದರೆ ಕರೆಂಟಿಗೆ ಸಿಗುವ ಮೈ ಜಾಸ್ತಿ. ಒಳ್ಳೆಯ ಕೇಬಲ್ಲಿನಲ್ಲಿ ನಡುವೆ ಒಂದು ರಬ್ಬರ್ ಕೊಳವೆ ಇಟ್ಟು, ಅದರ ಸುತ್ತ ಆರೋ ಎಂಟೋ ಸಣ್ಣ ಹಗ್ಗಗಳನ್ನು ಬಳೆಯ ಹಾಗೆ ಜೋಡಿಸಿರುತ್ತಾರೆ. ಕರೆಂಟಿಗೆ ಮೈ ಸಿಗುತ್ತದೆ, ನೀರಿಗೆ ದಾರಿ ಸಿಗುತ್ತದೆ, ಬಾಗಿದಾಗ ಹಗ್ಗಗಳು ಒಂದನ್ನೊಂದು ಅಮುಕುವುದಿಲ್ಲ.

ಹೋಸಿನಲ್ಲೂ ಮೋಸ ಹೋಗುವುದುಂಟು. ಕಪ್ಪು ರಬ್ಬರಿಗೆ ಸಾಮಾನ್ಯವಾಗಿ ಕಾರ್ಬನ್ ಬ್ಲ್ಯಾಕ್ ಬೆರೆಸಿರುತ್ತಾರೆ, ಅದು ಕರೆಂಟ್ ಹರಿಸುತ್ತದೆ. ಈ ಕೆಲಸಕ್ಕೆ ಕಾರ್ಬನ್ ಇಲ್ಲದ, ಕರೆಂಟ್ ಹರಿಸದ ಹೋಸೇ ಬೇಕು. ಬಟ್ಟೆಯ ನೂಲು ಹೆಣೆದದ್ದು ಸರಿ. ಸ್ಟೀಲ್ ತಂತಿ ಹೆಣೆದ ಹೈಡ್ರಾಲಿಕ್ ಹೋಸ್ ಗಟ್ಟಿ ಅಂತ ಹಾಕಿದರೆ ಆ ತಂತಿಯೇ ಕಾಯುತ್ತದೆ. ಹೋಸ್ ಕ್ಲಿಪ್ ಕೂಡ ಹಾಗೇ. ಒಂದು ಕಡೆ ರಾತ್ರಿ ಪಾಳಿಯಲ್ಲಿ ಕ್ಲಿಪ್ ತುಂಡಾಯಿತೆಂದು ಹತ್ತಿರದ ಅಂಗಡಿಯ ಮಾಮೂಲಿ ಎಂ.ಎಸ್. (ಮೆದು ಉಕ್ಕಿನ) ಕ್ಲಿಪ್ ಹಾಕಿದ್ದರು. ಬೆಳಗಿನ ಹೊತ್ತಿಗೆ ಅದು ಕೆಂಪಗೆ ಕಾದು, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಹೋಸನ್ನು ಕತ್ತರಿಸಿತ್ತು. ಒಂಟಿ ಕೇಬಲ್ ಸುತ್ತ ಕಬ್ಬಿಣದ ಬಳೆ ಯಾವತ್ತೂ ಬರಬಾರದು. ಕ್ಲಿಪ್ 304 ಸ್ಟೇನ್‌ಲೆಸ್ ಅಥವಾ ಹಿತ್ತಾಳೆಯದು, ಹಿಡಿದುಕೊಳ್ಳುವ ಬ್ರಾಕೆಟ್ ಹೈಲಮ್ (ರಾಳ ಹಾಕಿ ಒತ್ತಿದ ಗಟ್ಟಿ ಹಲಗೆ) ಅಥವಾ ಗಟ್ಟಿ ಮರದ್ದು. ಕೊಳ್ಳುವಾಗ ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿ.

ಹೋಗುವ ಕೇಬಲ್, ಬರುವ ಕೇಬಲ್ ಎರಡೂ ಜೊತೆಜೊತೆಗೆ ಹೋಗಲಿ. ಹತ್ತು ಸೆಂ.ಮೀ. ಅಂತರದಲ್ಲಿದ್ದರೆ ಎರಡೂವರೆ ಮೀಟರಿಗೆ ಸುಮಾರು 20 ವೋಲ್ಟ್ ಕಳೆಯುತ್ತದೆ, ನಲವತ್ತು ಸೆಂ.ಮೀ. ಆದರೆ 40 ವೋಲ್ಟ್. 1,200ರಲ್ಲಿ ಇದು ದೊಡ್ಡದಲ್ಲ ಅನ್ನಿಸಬಹುದು. ಆದರೆ ದೂರ ಇಟ್ಟಷ್ಟೂ ನಡುವಿನ ಕಬ್ಬಿಣದ ಚೌಕಟ್ಟು ಬಿಸಿಯಾಗುತ್ತದೆ, ಆ ಬಿಸಿಗೆ ಕರೆಂಟ್ ಬಿಲ್ ನೀವೇ ಕಟ್ಟುವುದು. ತೀರಾ ಒತ್ತಿ ಕಟ್ಟಲೂಬೇಡಿ. ಎರಡರಲ್ಲಿ ಎದುರುಬದುರು ಕರೆಂಟ್ ಹರಿಯುವುದರಿಂದ ಒಂದನ್ನೊಂದು ತಳ್ಳುತ್ತವೆ. ನಿಮ್ಮದರಲ್ಲಿ ಅದು ಮೀಟರಿಗೆ ಒಂದು ಕೆಜಿಯಷ್ಟು, ಆದರೆ ಸೆಕೆಂಡಿಗೆ 2,000 ಸಲ. ಆ ನಡುಕಕ್ಕೆ ತಾಗಿದ ಜಾಗದ ರಬ್ಬರ್ ಸವೆಯುತ್ತದೆ. ನಡುವೆ ಅಲ್ಲಲ್ಲಿ ರಬ್ಬರ್ ತುಂಡು ಇಟ್ಟು ಸಡಿಲವಾಗಿ ಕಟ್ಟಿ.

(ಸ್ಟೀಲ್ ಕಾರ್ಖಾನೆಗಳಲ್ಲಿ ಆರ್ಕ್, ಅಂದರೆ ಕರೆಂಟಿನ ಕಿಡಿಯಿಂದ ಕರಗಿಸುವ ಫರ್ನೇಸ್ ಜೊತೆ ಹೋಲಿಸಿದರೆ ನಾವು ಪುಣ್ಯವಂತರು. ಅಲ್ಲಿ 50,000 ಆಂಪಿಯರ್ ಹೊತ್ತ ಎರಡು ಕೇಬಲ್ ಅರ್ಧ ಮೀಟರ್ ಅಂತರದಲ್ಲಿದ್ದರೆ ಮೀಟರಿಗೆ ನೂರು ಕೆಜಿಯಷ್ಟು ನೂಕು. ಸ್ಕ್ರ್ಯಾಪ್ ಕರಗುತ್ತಾ ಆರ್ಕ್ ಹತ್ತಿ ಆರುವಾಗ ತೊಡೆದಪ್ಪದ ಕೇಬಲ್‌ಗಳು ಹಗ್ಗದಾಟದ ಹಗ್ಗದ ಹಾಗೆ ಕುಣಿಯುತ್ತವೆ. ಅವುಗಳ ಡಿಸೈನ್ ಶುರುವಾಗುವುದೇ ಈ ಕುಣಿತದಿಂದ.)

ನೀರು ಎಂಥದ್ದು? ಬೋರ್‌ವೆಲ್ ನೀರು ನೇರ ಬಿಡುತ್ತಿದ್ದರೆ ಇವತ್ತೇ ನಿಲ್ಲಿಸಿ. ಸೋಲಾರ್ ಹೀಟರಿನ ಪೈಪಿನಲ್ಲಿ ಕಟ್ಟುವ ಬಿಳಿ ಪದರವೇ ಎಳೆಗಳ ಸಂದಿಯಲ್ಲೂ ಕಟ್ಟುತ್ತದೆ. ಕೊಯ್ದಾಗ ಬಿಳಿ ಕಂಡರೆ ಗಡಸು ನೀರು, ಹಸಿರು ಕಂಡರೆ ತಾಮ್ರ ಕೊರೆಯುತ್ತಿದೆ, ಉದ್ದಕ್ಕೂ ಕಪ್ಪು ಕಂಡರೆ ಬಿಸಿ ಜಾಸ್ತಿಯಾಗಿದೆ. ಡಿಎಂ (ಲವಣ ತೆಗೆದ) ನೀರಿನ ಕ್ಲೋಸ್ಡ್ ಲೂಪ್ (ಅದೇ ನೀರು ಮತ್ತೆ ಮತ್ತೆ ಸುತ್ತುವ ವ್ಯವಸ್ಥೆ) ಮಾಡಿಸಿ, ಆ ನೀರಿನ ಕಂಡಕ್ಟಿವಿಟಿಯನ್ನು (ಕರೆಂಟ್ ಹರಿಸುವ ಗುಣ) ಪ್ಯಾನೆಲ್ ಕಂಪನಿ ಕೊಟ್ಟ ಮಿತಿಯೊಳಗೆ ಇಡಿ.

ಮೇಲಿನ ಹೊದಿಕೆಗೆ ಸಿಲಿಕೋನ್ ಲೇಪಿಸಿದ ಫೈಬರ್‌ಗ್ಲಾಸ್ ಸ್ಲೀವ್ ಹಾಕಿಸಿ, ಬಿಚ್ಚಿ ತೆಗೆಯಲು ಬರುವಂಥದ್ದು. ಇದು ಕೇಬಲ್ಲಿನ ಆಯಸ್ಸಿಗಿಂತ ಜನರ ಜೀವದ ಪ್ರಶ್ನೆ. ಸಿಡಿದ ಲೋಹ ಹೋಸ್ ತೂತು ಮಾಡಿ ನೀರು ಪಿಟ್ಟಿಗೆ (ಫರ್ನೇಸ್ ಕೆಳಗಿನ ಗುಂಡಿ) ಸೇರಿ, ಆ ನೀರಿನ ಮೇಲೆ ಕರಗಿದ ಲೋಹ ಬಿದ್ದರೆ ಹಬೆಯ ಸ್ಫೋಟವೇ ಆಗುತ್ತದೆ. ಪಿಟ್ ಯಾವಾಗಲೂ ಒಣಗಿರಬೇಕು, ಕೇಬಲ್ ಲೋಹ ಸುರಿಯುವ ದಾರಿಯ ಕೆಳಗೆ ಬರಬಾರದು.

ಇಷ್ಟಾದ ಮೇಲೆ ಆರ್ಡರಿನಲ್ಲಿ ಏನು ಬರೆಯಬೇಕು ಅನ್ನುವುದು ಹೆಚ್ಚುಕಡಿಮೆ ನಿಮಗೇ ಹೊಳೆದಿರುತ್ತದೆ. ಬರೀ "300 ಸ್ಕ್ವೇರ್ ಎಂಎಂ, ಎರಡೂವರೆ ಮೀಟರ್" ಎಂದು ಬರೆದರೆ ಸಪ್ಲೈಯರ್ ತನಗೆ ಅಗ್ಗವಾದದ್ದನ್ನು ಕೊಡುತ್ತಾನೆ, ಅವನ ತಪ್ಪಲ್ಲ. ಕಾಯಿಲ್ ಕರೆಂಟ್, ಫ್ರೀಕ್ವೆನ್ಸಿ, ವೋಲ್ಟೇಜ್ ಬರೆಯಿರಿ. ನಿಮಗೆ ಸಿಗುವ ನೀರಿನ ಪ್ರೆಷರ್, ಒಳಬರುವ ನೀರಿನ ಬಿಸಿ ಬರೆಯಿರಿ. ಎಳೆ 0.25 ಮಿ.ಮೀ. ಅಥವಾ ಅದಕ್ಕಿಂತ ತೆಳು. ಅತಿ ತೆಳುವೂ ಬೇಡ, ಕೊಳಕು ನೀರಿನಲ್ಲಿ ಬೇಗ ಸವೆಯುತ್ತದೆ. ನಡುವೆ ಕೊಳವೆ, ಸುತ್ತ ಹಗ್ಗಗಳು, ಒತ್ತಿ ಕೂರಿಸಿದ ಲಗ್, ಲಗ್ ಮುಖಗಳ ನಡುವಿನ ಕೋನ, ಕಾರ್ಬನ್ ಇಲ್ಲದ ಹೋಸ್, ಮ್ಯಾಗ್ನೆಟ್‌ಗೆ ಅಂಟದ ಕ್ಲಿಪ್. ದಿನಕ್ಕೆ ಎಷ್ಟು ಸಲ, ಎಷ್ಟು ಡಿಗ್ರಿ ಬಾಗಿಸುತ್ತೀರಿ ಅನ್ನುವುದನ್ನು ಮರೆಯದೆ ಬರೆಯಿರಿ, ಅದನ್ನು ಯಾರೂ ಬರೆಯುವುದಿಲ್ಲ. ಒಂದು ಕೈಚಿತ್ರ ಬರೆದು ಜೊತೆಗಿಡಿ. ಕೆಲಸದ ಪ್ರೆಷರಿನ ಒಂದೂವರೆ ಪಟ್ಟಿನಲ್ಲಿ ನೀರಿನ ಟೆಸ್ಟ್ ಮಾಡಿ ತೋರಿಸಲು ಹೇಳಿ.

ಕೇಬಲ್ ಬಂದ ದಿನವೇ ಲಗ್ಗಿನಿಂದ ಲಗ್ಗಿಗೆ ಮೈಕ್ರೋಓಮ್ ಮೀಟರಿನಲ್ಲಿ ಅಳೆದು, ತಾರೀಖಿನ ಜೊತೆ ಬರೆದಿಡಿ. ನಿಮ್ಮ ಅಳತೆಗೆ 140–150 ಮೈಕ್ರೋಓಮ್ ಬರಬೇಕು. ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ, ಬೀಗ ಹಾಕಿ, ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ, ಕೇಬಲ್ಲಿನ ಒಂದು ತುದಿ ಬಿಚ್ಚಿ ಮತ್ತೆ ಅಳೆಯಿರಿ. ಹೊಸದರಲ್ಲಿದ್ದುದಕ್ಕಿಂತ ಕಾಲುಭಾಗ ಏರಿದರೆ ಎಳೆಗಳು ತುಂಡಾಗುತ್ತಿವೆ ಎಂದರ್ಥ. ಆಗ ಬದಲಿಸಿಬಿಡುವುದು ನನ್ನ ರೂಢಿ, ಹೀಟ್ ನಡುವೆ ಕೈಕೊಡುವ ತನಕ ಕಾಯುವುದಿಲ್ಲ. ಓಡುವಾಗ ಲಗ್ಗಿನ ಬಿಸಿಯನ್ನು ದೂರದಿಂದ ಇನ್‌ಫ್ರಾರೆಡ್ ಗನ್ನಿನಲ್ಲಿ ನೋಡಬಹುದು. ಆದರೆ ಹೊಳೆಯುವ ತಾಮ್ರಕ್ಕೆ ಗನ್ ಹಿಡಿದರೆ ಅದು ಕಡಿಮೆ ತೋರಿಸುತ್ತದೆ. ಆಫ್ ಇದ್ದಾಗಲೇ ಅಲ್ಲೊಂದು ರೂಪಾಯಿಯಗಲ ಕಪ್ಪು ಪೇಂಟ್ ಬಳಿದಿಟ್ಟು, ಅದಕ್ಕೇ ಗುರಿ ಹಿಡಿಯಿರಿ.

ಸದ್ಯಕ್ಕೆ 500ರ ಆರ್ಡರ್ ತಡೆಹಿಡಿಯಿರಿ. ಹಳೆಯದನ್ನು ಕೊಯ್ದು ಎರಡೂ ಲಗ್ಗಿನ ಬಾಯಿಯ ಫೋಟೊ, ನಡುವಿನ ತಾಮ್ರದ್ದೊಂದು, ಫರ್ನೇಸ್ ಪೂರ್ತಿ ಬಾಗಿದಾಗ ಕೇಬಲ್ ಹೇಗೆ ನಿಂತಿರುತ್ತದೆ ಅನ್ನುವುದೊಂದು ಕಳಿಸಿ. ಜೊತೆಗೆ ಯಾವ ಕೇಬಲ್ಲಿನಲ್ಲಿ ನೀರು ಒಳಗೆ, ಯಾವುದರಲ್ಲಿ ಹೊರಗೆ ಅನ್ನುವುದನ್ನು ಬರೆಯಿರಿ. ನೋಡಿದ ಮೇಲೆ ಉದ್ದ ಮತ್ತು ಲಗ್ಗಿನ ಕೋನ ಎಷ್ಟಿರಬೇಕೆಂದು ಹೇಳುತ್ತೇನೆ.